ಮೋರ್ಯರ ಮನಿಗೂ ಲಗ್ನದ ಕರೆ

ಅಕ್ಕ ಸುಕನ್ಯಾನ ಲಗ್ನದ ಕಾರ್ಡ್ ಬಂದ ದಿನಾನ ನಮ್ಮ ಅಜ್ಜಿ ಮುದುಕಮ್ಮ ಹೇಳಿಬಿಟ್ಟಿದ್ಲು. ಊರಾಗ ಒಂದು ಮನಿನೂ ಬಿಡಂಗಿಲ್ಲ, ಬಾಗಲಿಗೆ ಹೋಗಿ ಬಾಯಿಲೆ ಕರೀಬೇಕು, ಕೀಲಿ ಹಾಕಿದ್ರ ಬಾಗಲ ಮುಂದ ಅಕ್ಕಿಕಾಳು ಇಟ್ಟು ಬರಬೇಕು. ಕರದ ಮನಿಯವರು ಬರೂತನಕ ಮದುಮಕ್ಕಳ ತಲಿಗೆ ಅಕ್ಕಿಕಾಳು ಬೀಳಂಗಿಲ್ಲ, ಅದೂ ನಮ್ಮ ಮನಿ ಪದ್ಧತಿ.

ನನಗ ಹಳೇ ಕಾಲದ ಹುಚ್ಚು ಭಾಳ. ನಮ್ಮೂರ ಗುಡ್ಡದ ಮ್ಯಾಲೆ ಚಪ್ಪಡಿ ನಿಲ್ಲಿಸಿ, ಮ್ಯಾಲೊಂದು ಚಪ್ಪಡಿ ಹೊಚ್ಚಿ, ಮುಂದ ದುಂಡಂದು ಕಿಂಡಿ ಬಿಟ್ಟ ಸಣ್ಣ ಸಣ್ಣ ಕಲ್ಮನಿ ಅದಾವಲ್ಲ, ಮೋರ್ಯರ ಮನಿ ಅಂತೀವಲ್ಲ, ಅವು ಮೂರು ಸಾವಿರ ವರ್ಷದ್ದು, ಅಲ್ಲಿ ಗಿಡ್ಡ ಮಂದಿ ಇದ್ರಂತ ಅಂತ ಅಜ್ಜಿ ತಲಿ ದಿನಾ ತಿಂತಿದ್ದೆ. ಅವತ್ತ ಅಕಿ ಕೇಳಿದ್ಲು, ಅವು ಮನಿ ಹೌದಲ್ಲೋ? ಹೌದು ಅಂದೆ. ನಮ್ಮೂರ ಹದ್ದಿನಾಗ ಅದಾವಲ್ಲೋ? ಹೌದು.

"ಮತ್ತ ಕುಂತೀಯಲ್ಲೋ."

ಹೋದೆ. ಹಳೇ ಕಲ್ಲಿಗೆ ಏನೂ ಹಚ್ಚಬಾರದು ನೋಡ್ರಿ, ಅದಕ್ಕ ಕಿಂಡಿ ಮುಂದ ಎಲಿ ಹಾಸಿ, ಅದರ ಮ್ಯಾಲೆ ಅಕ್ಕಿಕಾಳು ಇಟ್ಟು, ಬಗ್ಗಿ, ಮನಿಮಂದಿ ಎಲ್ಲಾ ಬರ್ರಿ ಅಂತ ಕತ್ತಲಿಯೊಳಗ ಒದರಿ ಬಂದೆ.

ಲಗ್ನದ ದಿನ ಅಯ್ಯನವರು ಗಡಿಯಾರ ನೋಡ್ತಾರ, ಬ್ಯಾಂಡಿನ ಮಕ್ಬುಲಸಾಬ ಪೀಪಿ ಬಾಯಿಗಿಟ್ಟು ನಿಂತಾನ, ಅಜ್ಜಿ ಅಕ್ಕಿಕಾಳಿನ ತಾಟು ಅಪ್ಪಿಕೊಂಡು ಕುಂತಾಳ. ಮೋರ್ಯರು ಬಂದಿಲ್ಲಂತ. ಬೀಗರು ಹನುಮಸಾಗರದೋರು. ಮುಹೂರ್ತ ತಪ್ಪಿದ್ರ ವರನ್ನ ಕರ್ಕೊಂಡು ಹೊಂಟ್ವಿ ಅಂತ ವರನ ಸೋದರಮಾವ ಎದ್ದ. ಮಾಲಿ ಹಿಡದು ನಿಂತಿದ್ದ ಅಕ್ಕ ತುಟಿ ಅಳ್ಳಾಡಿಸದ ನನಗ ಅಂದ್ಲು, "ಲೇ ಶರಣ್ಯಾ, ನನ್ನ ಲಗ್ನ ನಿಂತ್ರ ನಿನ್ನ ಅದ ಕಿಂಡ್ಯಾಗ ತುರುಕ್ತೀನಿ."

ಅಷ್ಟೊತ್ತಿಗೆ ಗಂಗಾವತಿ ಕಡಿಯಿಂದ ಒಂದು ಟಂಟಂ ಬಂತು. ಅದರಾಗಿಂದ ಇಳಿದ್ರು, ಇಳಿದ್ರು, ಇಳೀತಾನ ಇದ್ರು. ಎಲ್ಲಾರಕಿಂತ ಎತ್ತರದಾವ ನನ್ನ ಸೊಂಟಕ್ಕ ಬರ್ತಿದ್ದ. ಇಸ್ತ್ರಿ ಧೋತರ, ಇಳಕಲ್ ಸೀರಿ. ಮುಂದಿನ ಮುದುಕನ ಕೈಯಾಗ ಲಗ್ನದ ಉಡುಗೊರಿ, ಆಹೇರಿ ಅಂತ ಒಂದು ಗಡಿಗಿ, ಮ್ಯಾಲೆ ಕಪ್ಪು, ಕೆಳಗ ಕೆಂಪು. ಕಲ್ಮನಿ ಕಾಲದ ಅಂಥಾ ಗಡಿಗಿ ಚೂರು ಒಂದು ಸಿಕ್ರ ಕುಣಿದಾಡಾವ ನಾನು, ಬಗ್ಗಿ ಕೇಳಿದೆ, ಯಾವ ಕಲ್ಮನಿಯವ್ರರಿ ಯಜಮಾನ್ರ ಅಂತ.

"ನಾವ್ಯಾಕ ಅಲ್ಲಿರ್ತೀವೋ ತಮ್ಮಾ? ಗಂಗಾವತ್ಯಾಗ ಬಾಡಿಗಿ ಮನ್ಯಾಗ ಅದೀವಿ. ಗುಡ್ಡದಾಗ ಇರೋರು ನಮ್ಮ ಸತ್ತ ಹಿರೇರು."

ಲಗ್ನಕ್ಕ ಸತ್ತೋರನ್ನ ಕರದೀರೇನು ಅಂತ ವರನ ಮಾವ ಟಾವೆಲ್ ಝಾಡಿಸಿದ. ಮುದುಕ ಅವನ ಕಡೆ ನೋಡದ ಅಜ್ಜಿಗೆ ಹೇಳಿದ. ಇಷ್ಟು ವರ್ಷದಾಗ ಊಟಕ್ಕ ಕರದಾವ ಈ ಹುಡುಗ ಒಬ್ಬನ ಅಂತ, ಹಿರೇರು ಕನಸಿನ್ಯಾಗ ಬಂದು ಅತ್ರಂತ, ತಮಗ ನಡಿಯಾಕ ಆಗಂಗಿಲ್ಲ ನೀವರ ಹೋಗ್ರಿ ಅಂದ್ರಂತ.

ಅಜ್ಜಿ ಸೆರಗು ಸರಿ ಮಾಡ್ಕೊಂಡ್ಲು.

"ಲಗ್ನದಾಗ ಮೊದಲ ಎಡಿ ಹಿರೇರಿಗೇ ಅಲ್ಲೇನ್ರಿ ಬೀಗರ? ನಮ್ಮ ಮನಿ ಹಿರೇರಿಗೆ ಮೊನ್ನೆ ಹಿಡದ್ವಿ. ಊರಿನ ಹಿರೇರು ಉಳದಿದ್ರು. ಹಾಕ್ರಿ ಅಕ್ಕಿಕಾಳು."

ಮಾವ ಟಾವೆಲ್ ಹೆಗಲಿಗೆ ಹಾಕ್ಕೊಂಡು ಕುಂತ, ಮಕ್ಬುಲಸಾಬ ಪೀಪಿ ಊದಿದ. ಆದ್ರ ಮೋರ್ಯರು ಹಾಕಿದ ಅಕ್ಕಿಕಾಳು ಅಕ್ಕನ ಮಣಕಾಲ ದಾಟವಲ್ಲವು. ಕಡೀಕ ಮದುಮಕ್ಕಳು ಇಬ್ರೂ ಕುಕ್ಕರಗಾಲಿಲೆ ಕುಂತು ತಲಿ ಬಗ್ಗಿಸಿದ್ರು.

ಈಗ ಗುಡ್ಡ ಹತ್ತಾಕ ಹೊಂಟೀನಿ. ಬರಾಕ ಆಗದೋರಿಗೆ ಬುತ್ತಿ ಕಳಿಸಬೇಕಲ್ಲ, ಅಜ್ಜಿ ಆ ಗಡಿಗಿ ತುಂಬ ಹೋಳಿಗಿ ತುಂಬ್ಯಾಳ, ಕಿಂಡಿಗೊಂದರಂತೆ. ಗಡಿಗಿ ಮರೀದ ವಾಪಸ್ ತರಬೇಕಂತ, ಮಜ್ಜಿಗಿಗೆ ಛಲೋ ಐತಂತ.