ಖಾಲಿ ಎನ್ನಬಾರದ ಮಗ್ಗ

“ಇನ್ನೆಷ್ಟೈತ್ರಿ ಸೂರಪ್ಪ? ಹನ್ನೆರಡರ ಬಸ್ಸು ಖಾಲಿ ಬರ್ತೈತೆ, ಆರಾಮಾಗಿ ಸೀಟು ಹಿಡ್ಕೊಂಡು ಚಳ್ಳಕೆರೆ ಸೇರ್ಕೋತೀನಿ,” ಎಂದ ವಲಿಸಾಬ, ಹೊಸ್ತಿಲ ಪಕ್ಕ ಕೂರುತ್ತ.

ವಲಿಸಾಬ ಚಳ್ಳಕೆರೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು. ನಾಳೆ ಮಗಳು ಫರ್ಜಾನಾಳ ನಿಕಾಹ್. ಅವಳುಡುವ ಕೆಂಪು ರೇಷ್ಮೆ ಸೀರೆ ಇನ್ನೂ ಮೊಳಕಾಲ್ಮುರುವಿನ ಈ ಮಗ್ಗದ ಮೇಲೇ ಇತ್ತು. ಹೋದ ವಾರವೇ ಮುಗಿಯಬೇಕಿದ್ದದ್ದು.

ಮುಗಿಸದೆ ಉಳಿಸಿಕೊಂಡವನು ಸೂರಪ್ಪನೇ. ಇದು ಮುಗಿದರೆ ಮಗ್ಗಕ್ಕೆ ಏರಿಸಲು ಇನ್ನೊಂದು ಹಾಸು, ಅಂದರೆ ಉದ್ದೆಳೆಯ ನೂಲು, ಇರಲಿಲ್ಲ. ನೂಲು ಕೊಡುವ ಸಾಹುಕಾರ ‘ಮುಂದಿನ ತಿಂಗಳು ನೋಡಾಣ’ ಅಂದಿದ್ದ. ತೊಂಬತ್ತೊಂಬತ್ತರ ಆ ಬೇಸಿಗೆಯಲ್ಲಿ, ಹಾಗೆ ನೋಡುತ್ತ ನಿಂತ ಬೀದಿಯ ಎರಡು ಮಗ್ಗಗಳು ಆಗಲೇ ಒಲೆ ಸೇರಿದ್ದವು. ಅದಕ್ಕೇ ಅವನು ದಿನಕ್ಕೊಂದು ಗೇಣು ನೇಯ್ದು, ಲಾಳಿ ಕೆಳಗಿಟ್ಟು, ಬೀಡಿಯ ನೆಪದಲ್ಲಿ ಒಳಗೂ ಹೊರಗೂ ಸುತ್ತುತ್ತಿದ್ದ.

“ನಾನೂ ಖಾಲಿ ಕೂತಿದ್ದೀನಿ, ಕೆಲಸ ಇದ್ರೆ ಹೇಳ್ರಿ. ಖಾಲಿ ಕೈಲಿ ಮಾತ್ರ ಬರಬ್ಯಾಡ ಅಂದವ್ರೆ ಮನೇಲಿ,” ಎಂದ ವಲಿಸಾಬ.

“ಅಣ್ಣಾ, ಮಗ್ಗದ ಮುಂದೆ ಆ ಅಪಶಕುನದ ಮಾತು ಮೂರು ಸಲ ಆಡಿದ್ರಿ,” ಎಂದಳು ಸೂರಪ್ಪನ ಹೆಂಡತಿ ತಿಪ್ಪಮ್ಮ. “ನಮ್ಮನೇಲಿ ಅಕ್ಕಿ ತೀರಿದ್ರೂ ತೆಲುಗಿನಾಗೆ ನಿಂಡುಕುನ್ನಾಯಿ, ತುಂಬೈತೆ ಅಂತೀವಿ.”

“ಹಂಗೆ ತುಂಬಿದ ದಿನ ಅನ್ನಕ್ಕೇನ್ ಮಾಡ್ತೀಯಾ ತಂಗಿ?”

“ನಿಮ್ಮಂಥೋರು ಉಣ್ಣಾಕೆ ಬಂದ್ರೆ ಪಕ್ಕದ ಮನೆಗೆ ಹೋಗ್ತೀನಿ.”

ವಲಿಸಾಬ ನಕ್ಕ. ಸೂರಪ್ಪ ನಗಲಿಲ್ಲ.

“ಸೀರೆ ಕೊಯ್ದ್ರೆ, ಇವಳಂದಂಗೆ, ನನ್ನ ಮಗ್ಗಾನೂ ತುಂಬ್ತೈತೆ ಸಾಬ್ರೆ. ಅದಕ್ಕೇ ತಡ ಮಾಡ್ದೆ. ತಪ್ಪು ನಂದೇ.”

“ಫರ್ಜಾನಾ ನಿನ್ನೆಯಿಂದ ಬಾಗಿಲಲ್ಲೇ ನಿಂತವಳೆ,” ಎಂದ ವಲಿಸಾಬ.

ಸೂರಪ್ಪ ಬೀಡಿ ಎಸೆದು ಮಗ್ಗದ ಗುಂಡಿಗೆ ಇಳಿದ. ಉಳಿದಿದ್ದ ಮೊಳದಷ್ಟನ್ನು ತಲೆಯೆತ್ತದೆ ನೇಯ್ದು, ಒಂದು ಗೇಣು ಎಳೆ ಹಿಂದೆ ಬಿಟ್ಟು ಬ್ಲೇಡು ಹಾಕಿದ. ಆ ಎಳೆಗಳು ಬಾಚಣಿಗೆಯಂಥ ಅಚ್ಚಿನಲ್ಲೇ ಇದ್ದರೆ ಎಂದಾದರೂ ಹೊಸ ಹಾಸನ್ನು ಅವಕ್ಕೆ ಹೊಸೆದು ಕೂಡಿಸಬಹುದು. ಜಾರಿದರೆ, ಅದರ ಸಾವಿರಾರು ಕಣ್ಣುಗಳಿಗೆ ಮತ್ತೆ ಒಂದೊಂದಾಗಿ ಪೋಣಿಸಲು ಅವನ ಕಣ್ಣಿಗೆ ಆಗುತ್ತಿರಲಿಲ್ಲ. ತುದಿಗಳನ್ನು ಕೋಲಿಗೆ ಸುತ್ತಿ ವಲಿಸಾಬನ ಕಡೆ ಚಾಚಿದ.

“ಹಿಡೀರಿ. ಸಡಿಲ ಬಿಡಬ್ಯಾಡ್ರಿ.”

“ಎಷ್ಟೊತ್ತು?”

“ಎಳೆ ಜಾರದಂಗೆ ಹಿಡಿಹಿಡಿಯಾಗಿ ಎಲ್ಲಾ ಗಂಟು ಹಾಕೋವರೆಗೆ. ಮುಂದಿನ ಬಸ್ಸು ಮೂರಕ್ಕೈತೆ.”

ಹೊರಗೆ ಹನ್ನೆರಡರ ಬಸ್ಸು ಹಾರನ್ ಹೊಡೆಯಿತು. ವಲಿಸಾಬ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಲ್ಲಿ ಕೋಲನ್ನು ಬಿಗಿಯಾಗಿ ಹಿಡಿದ.