ಮೂರನೆಯ ಮನೆಯ ಫೋಟೊ

ಬಿಲ್ಡರ್ ಡೆರೆಕ್ ಹೋಯ್ಲ್ ಕಳಿಸಿದ ಎರಡು ಫೋಟೊಗಳನ್ನು ಲೊರೇನ್ ಅಕ್ಕಪಕ್ಕ ಇಟ್ಟು ನೋಡಿದಳು. ಅವನು ಕಟ್ಟುತ್ತಿದ್ದ ಸಾಲುಮನೆಗಳಲ್ಲಿ ಒಂದು ಎರಡನೆಯ ಮನೆಯ ಗೋಡೆಯದಂತೆ, ಇನ್ನೊಂದು ಮೂರನೆಯ ಮನೆಯದಂತೆ. ಎರಡರಲ್ಲೂ ಮನೆಯ ಶಾಖ ಹೊರಹೋಗದಂತೆ ತಡೆಯುವ ಫೋಮ್ ಹಲಗೆಗಳು ಅಚ್ಚುಕಟ್ಟಾಗಿ ಕೂತಿದ್ದವು. ಎರಡರಲ್ಲೂ ಹಲಗೆಯ ಮೇಲೆ ಡೆರೆಕ್ ಪೆನ್ಸಿಲಿನಲ್ಲಿ ಗೀಚಿದ್ದ ಒಂದೇ ಅಳತೆ, ಅದೂ ಒಂದೇ ಕಡೆ ಕಾಟು ಹೊಡೆದದ್ದು!

"ಅಯ್ಯೋ ನಿನ್ನ, ಮುದುಕಾ," ಎಂದಳು.

ಯಾರ್ಕ್‌ಷೈರಿನ ಕಣಿವೆಯೊಂದರಲ್ಲಿ ಮೂವತ್ತು ವರ್ಷ ಮನೆಗಳನ್ನು ಪರಿಶೀಲಿಸಿದ ಸರ್ವೇಯರ್ ಅವಳು. ಖದೀಮ ಬಿಲ್ಡರುಗಳ ಒಂದೊಂದು ಇಟ್ಟಿಗೆಯನ್ನೂ ಎತ್ತಿ ನೋಡುತ್ತಿದ್ದಳು. ಡೆರೆಕ್‌ನ ಮನೆಗಳಿಗೆ ಮಾತ್ರ ಅವನ ಮಾತೇ ಸಾಕಿತ್ತು. ಚಹಾ ಕುಡಿದು, ಗೋಡೆಗೆ ಎರಡೇಟು ತಟ್ಟಿ, ಸಹಿ ಹಾಕಿ ಬರುತ್ತಿದ್ದಳು. ಹೊಸ ನಿಯಮ ಬಂದಮೇಲೆ ಆ ಆಟ ನಡೆಯಲಿಲ್ಲ. ಗೋಡೆ ಮುಚ್ಚುವ ಮೊದಲು ಮನೆಮನೆಗೂ ಬೇರೆ ಫೋಟೊ ಬೇಕು, ಇಲ್ಲದಿದ್ದರೆ ವಾಸಕ್ಕೆ ಯೋಗ್ಯವೆಂಬ ಪ್ರಮಾಣಪತ್ರವಿಲ್ಲ. ಸರ್ವೇಯರುಗಳನ್ನಾದರೂ ಸುಮ್ಮನೆ ಬಿಟ್ಟರೇ? ಅವರಿಗೂ ಹೊಸ ಪರೀಕ್ಷೆ, ಹೊಸ ನೋಂದಣಿ. ಐವತ್ತೆಂಟರ ಲೊರೇನ್ ಅರ್ಧ ವಯಸ್ಸಿನವರ ನಡುವೆ ಕೂತು ಪರೀಕ್ಷೆ ಬರೆದು ನೋಂದಣಿ ಪಡೆದಿದ್ದಳು. ಸುಳ್ಳು ಫೋಟೊಗೆ ಸಹಿ ಹಾಕಿ ಸಿಕ್ಕಿಬಿದ್ದರೆ ಆ ನೋಂದಣಿ ಹೋಯಿತು. ಹಾಕದಿದ್ದರೆ ಶುಕ್ರವಾರ ಆ ಮನೆಗೆ ಸಾಮಾನು ಸಾಗಿಸಿಕೊಂಡು ಬರಬೇಕಿದ್ದ ಗಂಡಹೆಂಡತಿ ಬೀದಿಯಲ್ಲಿ, ಡೆರೆಕ್‌ನ ಹೆಸರು ಊರವರ ಬಾಯಲ್ಲಿ.

ಕಾರು ಹತ್ತಿ ನೇರ ಅವನು ಮನೆ ಕಟ್ಟುತ್ತಿದ್ದ ಜಾಗಕ್ಕೇ ಹೋದಳು.

"ಬಾ ತಾಯಿ, ಚಹಾ ಇಡ್ತೀನಿ. ಸಹಿ ಹಾಕೋಕೆ ಬಂದ್ಯಾ?"

"ಮೂರನೇ ಮನೆ ಫೋಟೊ ಎಲ್ಲಿ ಡೆರೆಕ್?"

"ಕಳಿಸಿದ್ನಲ್ಲ."

"ಅದು ಎರಡನೇ ಮನೇದು ಕಣಯ್ಯಾ. ಪೆನ್ಸಿಲ್ ಗೀಚಿರೋದು ಕಾಣ್ಸುತ್ತೆ."

ಅವನಿಗೆ ನಾಚಿಕೆಯೂ ಆಗಲಿಲ್ಲ. "ಮರ್ತೋಯ್ತು. ಪ್ಲಾಸ್ಟರ್ ಆದ್ಮೇಲೆ ನೆನಪಾಯ್ತು. ಅದೇ ಹಲಗೆ, ಅದೇ ಕೈ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

"ಹುಣ್ಣು ಅಂಗೈಲಿದ್ರೆ ಬೇಡ. ಇದು ಗೋಡೆ ಒಳಗಿದೆ."

"ಓಹೋ! ಮೂವತ್ತು ವರ್ಷದಲ್ಲಿ ಒಂದಿನ ನನ್ನ ಗೋಡೆ ಒಡೆಸಿದ್ಯಾ? ಪರೀಕ್ಷೆ ಪಾಸಾದ ತಕ್ಷಣ ನಾನು ಕಳ್ಳ ಆಗ್ಬಿಟ್ನಾ?"

 ಲೊರೇನ್‌ಳ ಗಂಡನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು ಇವನೇ. ಆದರೂ ಅವಳು ಹೇಳಿದಳು: "ಒಡೆದು ತೋರಿಸು. ಇಲ್ಲಾಂದ್ರೆ ಸಹಿ ಇಲ್ಲ."

ಡೆರೆಕ್ ಸುತ್ತಿಗೆ ಹಿಡಿದು ಧುಮುಗುಟ್ಟುತ್ತ ಮೂರನೆಯ ಮನೆಗೆ ನುಗ್ಗಿದ. ಗೋಡೆಯ ನಟ್ಟನಡುವೆ ಬಾರಿಸಿದ. ಪ್ಲಾಸ್ಟರ್ ಉದುರಿತು. ಒಳಗೆ ಹಲಗೆಗಳು ಒಂದಕ್ಕೊಂದು ಕಚ್ಚಿ ಕೂತಿದ್ದವು.

"ನೋಡ್ಕೋ ಕಣ್ತುಂಬ! ಸಾಕಾ?"

ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಅಷ್ಟಕ್ಕೇ ಹೊರಟುಬಿಡಬಹುದಿತ್ತು. "ಕಿಟಕಿ ಪಕ್ಕದ ಮೂಲೇನೂ ಒಂದ್ಸಲ," ಎಂದಳು.

ಡೆರೆಕ್ ಅಲ್ಲೂ ಸುತ್ತಿಗೆ ಬಾರಿಸಿದ. ಅಲ್ಲಿ ಹಲಗೆ ಮೂಲೆ ಮುಟ್ಟಿರಲಿಲ್ಲ. ಸಂದಿಗೆ ಏನನ್ನೂ ತುಂಬಿರಲಿಲ್ಲ. ಡೆರೆಕ್ ಮಂಡಿಯೂರಿ ಕೈ ತೂರಿಸಿದ, ಮಣಿಕಟ್ಟಿನವರೆಗೂ ಹೋಯಿತು. ಒಳಗಿನಿಂದ ತಣ್ಣನೆ ಗಾಳಿ ಬೀಸುತ್ತಿತ್ತು.

ಬಹಳ ಹೊತ್ತು ಅವನು ಕೈ ತೆಗೆಯಲಿಲ್ಲ.

"ಬೇರೆ ಯಾರೂ ಅಲ್ಲ, ಈ ಹಲಗೇನ ನಾನೇ ಕತ್ತರಿಸಿದ್ದು," ಎಂದ. "ಆ ಗಂಡಹೆಂಡ್ತಿಗೆ ನಾನೇ ಫೋನ್ ಮಾಡ್ತೀನಿ. ಶುಕ್ರವಾರ ಆಗಲ್ಲ ಅಂತೀನಿ."

"ಹೋಗ್ಲಿ ಬಿಡು. ಒಂದು ಮೂಲೆ ತಾನೆ, ಸರಿ ಮಾಡಿದ್ರಾಯ್ತು."

ಅವನು ತಲೆಯೆತ್ತಿದ. 

"ಲೊರೇನ್, ಕಿಟಕಿ ಮೂಲೆ ಹಲಗೇನ ನಾನು ಯಾವಾಗ್ಲೂ ಹೀಗೇ ಕತ್ತರಿಸೋದು."



"ಎಷ್ಟು ಮನೇಲಿ?"

"ನೀನು ಸಹಿ ಹಾಕಿದ ಅಷ್ಟೂ ಮನೇಲಿ," ಎಂದ ಡೆರೆಕ್.