ಸಿದ್ದವ್ವನ ಬೆರಳು

ಗೋಡೆಯ ಗೂಟಕ್ಕೆ ಧೋತರ ಬಿಗಿದು ಸಿದ್ದವ್ವನನ್ನು ಕೂಡಿಸಲು ನಾಲ್ಕು ಜನ ಹೆಣಗುತ್ತಿದ್ದರು. ಬದುಕಿದ್ದಾಗ ರಾಟಿಯ ಮುಂದೆ ಬೆಳಗಿನಿಂದ ಸಂಜೆಯ ತನಕ ನೆಟ್ಟಗೆ ಕೂತಿರುತ್ತಿದ್ದ ಮುದುಕಿ ಈಗ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತಿದ್ದಳು. ಅಂದಪ್ಪ ಪಕ್ಕದಲ್ಲಿ ಮಂಡಿಯೂರಿ ಅವಳ ಹೆಗಲು ಹಿಡಿದುಕೊಂಡಿದ್ದ.

"ಕೈ ಬಿಡಬ್ಯಾಡ, ಇನ್ನೊಂದು ಗಂಟು ಹಾಕ್ತೇನಿ," ಎಂದ ಎದುರುಮನೆಯ ಹನಮಪ್ಪ.

ಕೈ ಬಿಡುವುದಿರಲಿ, ಅಂದಪ್ಪ ಆ ಹೆಗಲಿನಿಂದ ಕಣ್ಣನ್ನೂ ಎತ್ತಿರಲಿಲ್ಲ. ಎತ್ತಿದರೆ ಸುತ್ತ ಕೂತ ಹೆಂಗಸರ ಮುಖ ನೋಡಬೇಕಾಗುತ್ತಿತ್ತು. ಅವರೆಲ್ಲ ಬೆಳಗಿನಿಂದ ಅವನನ್ನೇ ಹೊಗಳುತ್ತಿದ್ದರು. ಹೊಟ್ಟೆಯಲ್ಲಿ ಹುಟ್ಟಿದವನು ಕೂಡ ಹೀಗೆ ನೋಡಿಕೊಳ್ಳುತ್ತಿರಲಿಲ್ಲ, ಹಬ್ಬಕ್ಕೊಂದು ಹೋಳಿಗೆ, ಜ್ವರಕ್ಕೊಂದು ಗುಳಿಗೆ, ಕಣ್ಣಿಲ್ಲದ ಮುದುಕಿಗೆ ಇನ್ನೇನು ಬೇಕಿತ್ತು ಎಂದು ಓಣಿಯ ಬಸಲಿಂಗವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಒಂದೊಂದು ಹೊಗಳಿಕೆಗೂ ಅಂದಪ್ಪನ ಕಿವಿ ಬಿಸಿಯಾಗುತ್ತಿತ್ತು.

ಸಿದ್ದವ್ವ ಅವನಿಗೆ ಬಂಧುವಲ್ಲ, ನೆರೆಯವಳು. ಎರಡು ಮನೆಗೂ ಒಂದೇ ಗೋಡೆ. ಗಂಡ ಸತ್ತು, ಮಕ್ಕಳಿಲ್ಲದೆ, ಮೂವತ್ತೈದರ ಹೊತ್ತಿಗೆ ಕಣ್ಣೂ ಹೋಗಿ, ಆಮೇಲೆ ಮೂವತ್ತು ವರ್ಷ ಅವಳು ಇಳಕಲ್ಲಿನ ನೇಕಾರರಿಗೆ ಕಂಡಿಕೆ ಸುತ್ತಿಕೊಟ್ಟೇ ಬದುಕಿದಳು. ಲಾಳಿಯ ಹೊಟ್ಟೆಯೊಳಗೆ ಕೂಡುವ ಆ ಸಣ್ಣ ಕೊಳವೆಗೆ ನೂಲು ಸುತ್ತುವಾಗ ಬಲಗೈ ರಾಟಿ ತಿರುಗಿಸಬೇಕು, ಎಡಗೈಯ ತೋರುಬೆರಳು ನೂಲನ್ನು ಕಾಯಬೇಕು. ಕಣ್ಣಿದ್ದವರು ದೀಪ ಹಚ್ಚಿ ಹುಡುಕುವ ಗಂಟನ್ನು ಸಿದ್ದವ್ವನ ಬೆರಳು ಸುಮ್ಮನೆ ಹಿಡಿದುಬಿಡುತ್ತಿತ್ತು.

ಓಣಿಯಲ್ಲಿ ಹೆಣವಿದ್ದಾಗ ಮಗ್ಗ ಹೊಡೆಯುವುದಿಲ್ಲ. ಹದಿನಾರು ಮಗ್ಗ ನಿಂತು ಓಣಿಗೆ ಓಣಿಯೇ ಕಿವುಡಾದಂತಿತ್ತು. ಹೊಳಬಸಪ್ಪ ಸಾವಕಾರರು ಮಾಲೆ ಹಿಡಿದು ಬಂದವರು, ಹಾಕಿ, ಕೈ ಮುಗಿದು, ಹೊರಡುವಾಗ ಅಂದಪ್ಪನನ್ನು ಪಕ್ಕಕ್ಕೆ ಕರೆದರು. ಮುದುಕಿ ಪುಣ್ಯವಂತೆ ಎಂದರು. ಸೋಮವಾರಕ್ಕೆ ಹೇಳಿದ ಸೀರೆ ಸೋಮವಾರಕ್ಕೇ ಬೇಕು ಎಂದೂ ಹೇಳಿ, ಮಣ್ಣಿಗೆ ಬರುತ್ತೇನೆಂದು ಹೋದರು. ಅಂದಪ್ಪ ತಲೆಯಾಡಿಸಿದ. ಅವನಿಗೆ ಆರು ವರ್ಷದಿಂದ ಸಾವಕಾರರ ಮುಂದೆ ತಲೆಯಾಡಿಸಿ ರೂಢಿಯಾಗಿತ್ತು.

ಚೊಳಚಗುಡ್ಡದಿಂದ ಸಿದ್ದವ್ವನ ತಮ್ಮನ ಮಗಳು ಬನಶಂಕರಿ ಬರಬೇಕಿತ್ತು. ಬಾದಾಮಿಯ ಬಸ್ಸು ಬರುವ ತನಕ ಹೆಣ ಎತ್ತುವ ಹಾಗಿರಲಿಲ್ಲ. ಆ ಹೊತ್ತಿಗೆ ಓಣಿಯ ತಿರುವಿನಲ್ಲಿ ಕೊಡೆಯೂರಿಕೊಂಡು ಮುರ್ತುಜಸಾಬ ಮಾಸ್ತರರು ಕಾಣಿಸಿದರು. ಅಂದಪ್ಪ ನೀರು ತರುವ ನೆವ ಮಾಡಿ ತನ್ನ ಮನೆಯೊಳಗೆ ಹೋದ. ಕೊಡ ತುಂಬಿಯೇ ಇತ್ತು.

*

ಆರು ವರ್ಷದ ಹಿಂದಿನ ಮಾತು, ಎಪ್ಪತ್ತೆಂಟರ ಅಸೆಂಬ್ಲಿ ಚುನಾವಣೆ. ಚುನಾವಣೆ ಬಂದರೆ ಇಳಕಲ್ಲಿನ ಗೋಡೆಗಳಿಗೂ ಬಿಡುವಿರುವುದಿಲ್ಲ. ನಿಂತವರು ಐದು ಮಂದಿ, ಪೈಪೋಟಿ ಮಾತ್ರ ಇಬ್ಬರದು. ಮತಪತ್ರದಲ್ಲಿ ಎಲ್ಲಕ್ಕಿಂತ ಮೇಲೆ ಸೈಕಲ್; ಅದು ಹೊಳಬಸಪ್ಪ ಸಾವಕಾರರ ಅಳಿಯನ ಗುರುತು. ಎಲ್ಲಕ್ಕಿಂತ ಕೆಳಗೆ ತಕ್ಕಡಿ. ಅದು ಪೆನ್ಶನ್ನಾದ ಮುರ್ತುಜಸಾಬ ಮಾಸ್ತರರದು. ಸೈಕಲ್ಲಿನವರು ಮೂರು ಜೀಪಿನಲ್ಲಿ ತಿರುಗಿದರು. ತಕ್ಕಡಿಯ ಮಾಸ್ತರರು ಬಾಡಿಗೆ ಸೈಕಲ್ಲಿನ ಮೇಲೆ ತಿರುಗಿದರು. ಮಾಸ್ತರರೇ ಎದುರಾಳಿಯ ಪ್ರಚಾರ ಮಾಡುತ್ತಿದ್ದಾರೆಂದು ಜನ ಬಿದ್ದು ಬಿದ್ದು ನಕ್ಕರು. ಕಡೆಯ ವಾರದ ಹೊತ್ತಿಗೆ ಮಾಸ್ತರರ ಹಿಂದೆ ಅರ್ಧ ಊರು ನಡೆಯತೊಡಗಿತು, ಆಗ ಸಾವಕಾರರೇ ಓಣಿ ಓಣಿಗೆ ಇಳಿದು ಬಂದರು.

ಸಿದ್ದವ್ವನ ಓಟು ಯಾರಿಗೆಂದು ಯಾರೂ ಕೇಳಬೇಕಿರಲಿಲ್ಲ, ಅವಳೇ ಹೇಳುತ್ತಿದ್ದಳು. ಕಣ್ಣು ಮಂಜಾದಾಗ ಅವಳನ್ನು ಮಿರಜದ ದವಾಖಾನೆಗೆ ಕರೆದುಕೊಂಡು ಹೋಗಿ ಮೂರು ದಿನ ಕಟ್ಟೆಯ ಮೇಲೆ ಕೂತವರು ಈ ಮಾಸ್ತರರು. "ಡಾಕ್ಟರಿಂದ ಹಿಡದು ಎಲ್ಲಾರೂ ಕಣ್ಣು ಬರ್ತಾವ, ಬರ್ತಾವ ಅಂದ್ರು. ಬರೂದಿಲ್ಲ, ಕೈಲೇ ನೋಡೂದು ಕಲಿ ಅಂದಾವ್ರು ಮಾಸ್ತರ ಒಬ್ಬರ. ಖರೆ ಹೇಳಿದವ್ರಿಗೆ ನಾ ಒಂದು ಓಟು ಕೊಡಬಾರದೇನು?" ಎನ್ನುತ್ತಿದ್ದಳು.

ಕಣ್ಣಿಲ್ಲದವರು ತಮ್ಮ ಓಟು ಒತ್ತಲು ಒಬ್ಬ ಜೊತೆಗಾರನನ್ನು ಕರೆದೊಯ್ಯಬಹುದು. ಅವಳು ಅಂದಪ್ಪನನ್ನು ಕರೆದಳು. ಅವನು ಆಗ ಸಾವಕಾರರ ಕಾರಖಾನೆಯಲ್ಲಿ ದಿನಗೂಲಿ ನೇಕಾರ. ಇಪ್ಪತ್ನಾಲ್ಕು ವರ್ಷ, ಹೊಸದಾಗಿ ಮದುವೆ, ಮನೆಯಲ್ಲಿ ಸ್ವಂತ ಮಗ್ಗ ಹೂಡಬೇಕೆಂಬ ಒಂದೇ ಆಸೆ. ಸಾವಕಾರರು ಅವನನ್ನು ಹೆದರಿಸಲಿಲ್ಲ. ಹೆದರಿಸಿದ್ದರೆ ಮುಂದೆ ಹೇಳಿಕೊಳ್ಳಲು ಅವನಿಗೊಂದು ಕಾರಣವಾದರೂ ಇರುತ್ತಿತ್ತು. ಮತದಾನದ ಹಿಂದಿನ ದಿನ ಚಹಾ ಕುಡಿಸಿ, "ಸಿದ್ದವ್ವನ ಜೋಡಿ ನೀ ಹೊಂಟೀಯಂತ. ನೋಡು, ನಿನ್ನ ಮನ್ಯಾಗ ಒಂದು ಮಗ್ಗ ಇರಬೇಕು ಅಂತ ನನಗೂ ಐತಿ," ಎಂದರು. ಅಷ್ಟೇ.

ಸಾಲೆಯ ಕೋಣೆಯಲ್ಲಿ ಅಧಿಕಾರಿ ಒಂದು ಕಾಗದ ಓದಿ ಹೇಳಿದರು: ಈಕೆ ಹೇಳಿದವರಿಗೇ ಒತ್ತುತ್ತೇನೆ, ಒತ್ತಿದ್ದನ್ನು ಯಾರಿಗೂ ಹೇಳುವುದಿಲ್ಲ. ಅಂದಪ್ಪ ಸಹಿ ಮಾಡಿದ. ಸಿದ್ದವ್ವನ ಎಡಗೈಯ ತೋರುಬೆರಳಿಗೆ ಶಾಯಿ ಹಚ್ಚಿದರು. ರಟ್ಟಿನ ಮರೆಯಲ್ಲಿ ಇಬ್ಬರೂ ಒತ್ತೊತ್ತಾಗಿ ನಿಂತರು. ಅವನು ಮೊಹರನ್ನು ಶಾಯಿಯಲ್ಲಿ ಅದ್ದಿದ. ಕೆಳಗಿನ ತಕ್ಕಡಿಯನ್ನು ನೋಡಿದ. ಮೇಲಿನ ಸೈಕಲ್ಲಿಗೆ ಒತ್ತಿದ.

"ತಾ ಇಲ್ಲಿ," ಎಂದಳು ಸಿದ್ದವ್ವ. ಮತಪತ್ರ ಇಸಿದುಕೊಂಡು ಕೆಳಗಿನ ಅಂಚಿನಿಂದ ಬೆರಳಾಡಿಸಿದಳು. ಬೆರಳು ಮೆಲ್ಲಗೆ ಮೇಲೆ ಹೋಗಿ ಒಂದು ಕಡೆ ನಿಂತಿತು.

"ಕಡೀದಕ್ಕ ಅಲ್ಲೇನಪಾ ಒತ್ತಿದ್ದು?"

"ಹೂಂ, ಕಡೀದಕ್ಕ."

"ಆತು, ನಡಿ," ಎಂದು ತಾನೇ ಮಡಚಿ ಪೆಟ್ಟಿಗೆಗೆ ಹಾಕಿದಳು. ಕುರುಡಿಗೆ ಏನು ತಿಳಿದೀತು ಎಂದುಕೊಂಡ ಅಂದಪ್ಪ. ಅವಳ ಬೆರಳ ತುದಿಗೆ ಮೊಹರಿನ ಹಸಿ ಬಣ್ಣ ಹತ್ತಿದ್ದನ್ನು ಅವನು ಬಾಗಿಲ ಬೆಳಕಿನಲ್ಲಿ ಕಂಡ, ಆದರೂ ಹಾಗೆಯೇ ಅಂದುಕೊಂಡ.

ಹುನಗುಂದದಲ್ಲಿ ಎರಡು ಸಲ ಎಣಿಸಿದರು. ಮಾಸ್ತರರು ಹನ್ನೊಂದು ಓಟಿನಿಂದ ಸೋತರು. ಉಗುರಿನ ಮೇಲಿನ ಗುರುತು ಹೋಯಿತೇನೋ ಎಂದು ಸಿದ್ದವ್ವ ದಿನಾ ಕೇಳುತ್ತಿದ್ದಳು. ನೋಡಲಾಗದೆ ಅವನು ನಾಲ್ಕನೆಯ ದಿನಕ್ಕೇ ಹೋಯಿತೆಂದುಬಿಟ್ಟ. ಅದು ಒಂದೂವರೆ ತಿಂಗಳು ಇತ್ತು.

ಯುಗಾದಿ ಕಳೆದ ಮೇಲೆ ಮನೆಗೆ ಮಗ್ಗ ಬಂತು. ಸಿದ್ದವ್ವ ಗೋಡೆ ಹಿಡಿದು ಬಂದು, ಹಲಗೆ, ಕುಂಟೆ, ಹಗ್ಗ ಎಲ್ಲವನ್ನೂ ಮುಟ್ಟಿ ನೋಡಿದಳು.

"ಛಲೋ ಐತಿ. ಯಾರು ಕೊಟ್ರು?"

"ಸಾವಕಾರ್ರು."

ಅವಳು ಹಲಗೆಯ ಮೇಲೆ ಇನ್ನೊಮ್ಮೆ ಬೆರಳಾಡಿಸಿದಳು. ಆಮೇಲೆ, "ಇದಕ್ಕ ಕಂಡಿಕಿ ನಾನಾ ಸುತ್ತತೀನಿ. ಬ್ಯಾರೇದವ್ರಿಗೆ ಹೇಳಬ್ಯಾಡ," ಎಂದಳು.

ಆರು ವರ್ಷ ಸುತ್ತಿದಳು. ಅವನು ನೇಯ್ದ ಒಂದೊಂದು ಸೀರೆಯ ಒಂದೊಂದು ಅಡ್ಡ ಎಳೆಯೂ ಅವಳ ಆ ಬೆರಳನ್ನು ದಾಟಿಯೇ ಬಂತು. ಎಂಬತ್ತಮೂರರಲ್ಲಿ ಮತ್ತೆ ಚುನಾವಣೆ ಬಂದಾಗ, ಈ ಸಲ ಅವಳು ಯಾರಿಗೆ ಅನ್ನುತ್ತಾಳೋ ಅವರಿಗೇ ಒತ್ತಬೇಕೆಂದು ಅಂದಪ್ಪ ಸ್ನಾನ ಮಾಡಿ ಕರೆಯಲು ಹೋದ. "ಬ್ಯಾಡಪಾ, ಈ ಬೆರಳು ನಂಬೂ ಹಂಗಿಲ್ಲ," ಎಂದು ಅವಳು ರಾಟಿ ತಿರುಗಿಸಿದಳು. ವಯಸ್ಸಾಯಿತು ಅಂದುಕೊಂಡು ಅವನು ಹಿಂದಕ್ಕೆ ಬಂದ. ಖರೆ ಹೇಳಬೇಕೆಂದರೆ, ಅವನಿಗೆ ಹಗುರವೇ ಆಯಿತು.

*

ತಂಬಿಗೆಯಲ್ಲಿ ನೀರು ಹಿಡಿದು ಹೊರಗೆ ಬಂದಾಗ ಮಾಸ್ತರರು ಅವನ ಕಟ್ಟೆಯ ಮೇಲೇ ಕೂತಿದ್ದರು. ಕೂಡು ಎಂದು ಪಕ್ಕದ ಜಾಗ ತೋರಿಸಿದರು. ಅವರ ಬೆನ್ನ ಹಿಂದಿನ ಕಿಟಕಿಯಲ್ಲಿ ಮಗ್ಗ ಕಾಣುತ್ತಿತ್ತು. ಅಂದಪ್ಪ ಕಿಟಕಿಗೆ ಅಡ್ಡವಾಗುವಂತೆ ಕೂತ.

"ನಾ ಈ ಓಣಿಗೆ ಕಾಲಿಟ್ಟು ಆರು ವರ್ಷ ಆತು," ಎಂದರು ಮಾಸ್ತರರು. "ಆಕಿನೂ ನಮ್ಮ ಮನಿಗೆ ಬರೂದು ಬಿಟ್ಲು. ಅದಕಿಂತ ಮೊದಲ ಶುಕ್ರವಾರಕ್ಕೊಮ್ಮೆ ಬಂದು ಪೇಪರ್ ಓದಿಸಿಕೊಂಡು ಹೋಗ್ತಿದ್ಲು."

"ಯಾಕ ಬಿಟ್ಲುರಿ?" ಎಂದು ಅಂದಪ್ಪ ಕೇಳಿದ. ಕೇಳದೆ ಇರಲಾಗಲಿಲ್ಲ.

"ನಿನಗ ಹೇಳಿಲ್ಲೇನು? ಎಣಿಕಿ ಆದ ಮರುದಿನ ಬಂದ್ಲು. ಹೊಸ್ತಿಲದಾಗ ನಿಂತು ಅತ್ತು ಬಿಟ್ಲು. 'ಮಾಸ್ತರ, ನನ್ನ ಓಟು ನಿಮಗ ಬೀಳಲಿಲ್ರಿ. ಅಂದಪ್ಪ ಇದು ಕಡೀದು ಅಂತ ನೆಟ್ಟಗ ಹೇಳಿದ. ನಾನಾ ಒತ್ತತೀನಿ ಅಂತ ಹಟ ಹಿಡದು ಮೊಹರು ಕಸಗೊಂಡೆ, ಮ್ಯಾಲ ಬಿದ್ದುಬಿಡ್ತು. ಹುಡುಗಂದೇನೂ ತಪ್ಪಿಲ್ಲ' ಅಂದ್ಲು."

ಅಂದಪ್ಪನ ಕೈಯಲ್ಲಿದ್ದ ತಂಬಿಗೆಯ ನೀರು ಕಾಲ ಮೇಲೆ ಚೆಲ್ಲಿತು.

ಮಾಸ್ತರರು ಅದನ್ನು ನೋಡಲಿಲ್ಲ. ಒಂದು ಓಟಿಗೆ ಏನಾಗುತ್ತದೆ, ಹೋಗಲಿ ಬಿಡು ಎಂದು ತಾವು ಸಮಾಧಾನ ಹೇಳಿದ್ದನ್ನು, ಅವಳು ಚಹಾ ಕೂಡ ಕುಡಿಯದೆ ಹೋದದ್ದನ್ನು ಹೇಳಿದರು. ಆಮೇಲೆ ದನಿ ತಗ್ಗಿಸಿದರು. "ಬಾಯಿಲೇ ಹೋಗ್ಲಿ ಬಿಡು ಅಂದೆ. ಆದ್ರ ಹನ್ನೊಂದು ಓಟಪಾ. ಒಳಗ ಒಂದು ಸಿಟ್ಟು ಕೂತಿತ್ತು. ಆಕಿ ನಾಚಿಕೊಂಡು ಬರಲಿಲ್ಲ, ನಾ ಸಿಟ್ಟಿಗೆ ಕರೀಲಿಲ್ಲ. ಒಂದು ಮುದುಕಿ ಕೈ ತಪ್ಪಿದ್ದಕ್ಕ ಆರು ವರ್ಷ. ಸಾಲಿ ಕಲಿಸಿದ ಮನಶ್ಯಾ ನಾನು."

ಹೇಳಬೇಕಿದ್ದ ಮಾತು ಒಂದೇ ಸಾಲಿನದು. ಅಂದಪ್ಪನ ಬಾಯಿ ತೆರೆಯಿತು ಕೂಡ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಬನಶಂಕರಿಯ ಅಳು ಕೇಳಿ ಎಲ್ಲರೂ ಎದ್ದರು. ಅವನೂ ಎದ್ದ, ಉಳಿದವರಿಗಿಂತ ಮೊದಲೇ ಎದ್ದ.

ಮೆರವಣಿಗೆಯುದ್ದಕ್ಕೂ ಅವನು ಹೆಗಲು ಕೊಟ್ಟ. ಯಾರಾದರೂ ಬದಲಿಗೆ ಬಂದರೆ ಬಿಡಲಿಲ್ಲ. ಜನ ಅದನ್ನೂ ಹೊಗಳಿದರು. ಅವಳಿಗೆ ತಿಳಿದಿತ್ತು. ಮಗ್ಗವನ್ನು ಮುಟ್ಟಿ ಮುಟ್ಟಿ ನೋಡಿದಾಗಲೂ ತಿಳಿದಿತ್ತು. ಅವನ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು, ಅದಕ್ಕಾಗಿ ಇದ್ದೊಬ್ಬ ಗೆಳೆಯನನ್ನೂ ಕಳೆದುಕೊಂಡು, ಆರು ವರ್ಷ ಗೋಡೆಯಾಚೆ ಕೂತು ಅವನ ಮಗ್ಗಕ್ಕೇ ನೂಲು ಸುತ್ತಿದಳು. ಒಂದು ದಿನವೂ ಒಂದು ಮಾತಿನಿಂದಲೂ ಚುಚ್ಚಲಿಲ್ಲ. ಚುಚ್ಚಿದ್ದರೆ ಈಗ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಹೂಳಲು ತೋಡಿದ ಕುಣಿಯ ಬಳಿ ಅಯ್ಯನವರು ಯಾರು ಇಳಿಯುತ್ತೀರಿ ಎಂದು ಕೇಳಿದರು. ಒಳಗಿಳಿದು ಹೆಣವನ್ನು ಬದಿಗೆ ಕೊರೆದ ಗೂಡಿನಲ್ಲಿ ಕೂಡಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಬೆರಳು ಮಡಿಸಬೇಕು. ಮಗನಾದವನು ಮಾಡುವ ಕೆಲಸ.

"ಅಂದಪ್ಪಣ್ಣಾನ ಇಳೀಲಿ," ಎಂದಳು ಬನಶಂಕರಿ. "ನಮ್ಮತ್ತಿಗೆ ಮಗ ಅಂದ್ರ ಅವನಾ."

ಅವನು ಇಳಿದ. ಮೇಲಿನಿಂದ ಇಳಿಸಿಕೊಟ್ಟ ಸಿದ್ದವ್ವನನ್ನು ಗೂಡಿನಲ್ಲಿ ಕೂಡಿಸಿದ. ಸುತ್ತ ವಿಭೂತಿ, ಪತ್ರಿ ಇಟ್ಟ. ಎಡಗೈ ಬಿಚ್ಚಿ ಲಿಂಗವಿಟ್ಟು ಒಂದೊಂದೇ ಬೆರಳು ಮಡಿಸಿದ. ಕಿರುಬೆರಳು ಮಡಿಯಿತು, ಉಳಿದವೂ ಮಡಿದವು. ತೋರುಬೆರಳು ಮಾತ್ರ ಸೆಟೆದು ನಿಂತಿತ್ತು. ಮೂವತ್ತು ವರ್ಷ ನೂಲು ಹರಿದ ಗೀರು ಅದರ ಮೇಲೆ ಸಣ್ಣ ಗಾಯದಂತೆ ಬಿದ್ದಿತ್ತು. ಅವನು ಎರಡೂ ಕೈಯಿಂದ ಅದನ್ನು ಹಿಡಿದು ನಿಧಾನವಾಗಿ ಒತ್ತಿದ. ಅದು ಬಾಗಲಿಲ್ಲ.

"ಆತೇನಪಾ?" ಮೇಲೆ ಕುಣಿಯ ಅಂಚಿನಲ್ಲಿ ಮಾಸ್ತರರು ಒಂದು ಹಿಡಿ ಮಣ್ಣು ಹಿಡಿದು ನಿಂತಿದ್ದರು. ಅವರ ಪಕ್ಕದಲ್ಲಿ ಸಾವಕಾರರು.

"ಮಾಸ್ತರ," ಎಂದ ಅಂದಪ್ಪ. ತಲೆ ಎತ್ತಲಿಲ್ಲ. "ಆಕಿ ಕೈ ತಪ್ಪಿದ್ದಿಲ್ರಿ. ಮೊಹರು ಆಕಿ ಮುಟ್ಟೇ ಇಲ್ಲ. ತಕ್ಕಡಿಗೆ ಒತ್ತು ಅಂದಿದ್ಲು, ನಾ ಸೈಕಲ್ಲಿಗೆ ಒತ್ತಿದೆ. ಮಗ್ಗದ ಆಸೇಕ."

ಸಲಿಕೆ ಹಿಡಿದವರು ನಿಂತರು. ಸಾವಕಾರರು ಹೆಗಲ ಮೇಲಿನ ಶಲ್ಯ ಸರಿ ಮಾಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಯಾವ ತಕ್ಕಡಿ, ಯಾವ ಸೈಕಲ್ ಎಂದು ಬನಶಂಕರಿ ಹನಮಪ್ಪನನ್ನು ಕೇಳಿದಳು. ಹನಮಪ್ಪ ಸಾವಕಾರರ ಕಡೆ ನೋಡಿದ.

ಮಾಸ್ತರರು ಕೊಡೆಯ ಆಸರೆ ಹಿಡಿದು ಕುಣಿಯ ಅಂಚಿನಲ್ಲಿ ಕೂತರು. ಮುಟಿಗೆ ಬಿಚ್ಚಿ ಮಣ್ಣನ್ನು ಪಕ್ಕಕ್ಕೆ ಸುರಿದರು.

"ಸಿದ್ದವ್ವಾ, ನಾ ಕರೀಲಿಲ್ಲವಾ," ಎಂದರು.

ಆಮೇಲೆ ಅದೇ ಕೈಯನ್ನು ಕುಣಿಯೊಳಗೆ ಚಾಚಿದರು. "ಹಿಡಿ. ಮ್ಯಾಲ ಬಾ. ಮಣ್ಣು ಹಾಕಬೇಕು."

ಅಂದಪ್ಪ ಆ ಕೈಯನ್ನು ನೋಡಿದ. ಅದನ್ನು ಹಿಡಿಯಲು ತನ್ನ ಕೈ ಎತ್ತಬೇಕಿತ್ತು. ಅವನ ಎರಡು ಕೈಯೂ ಇನ್ನೂ ಸಿದ್ದವ್ವನ ಬೆರಳನ್ನು ಹಿಡಿದುಕೊಂಡಿದ್ದವು.